ಹಿಡಿಯ ಕೆಳಗಿನ ಮೂರು ಗೆರೆ

ನನ್ನ ಚಿಕ್ಕಮ್ಮನ ಅಂಗಡಿಯ ಬಾಗಿಲಿಗೆ ನೀರು ಸರಬರಾಜು ಕಚೇರಿಯವರು ಅಂಟಿಸಿದ ನೋಟಿಸಿನಲ್ಲಿ ಅವಳನ್ನು ‘ಹಳೆ ಡಬ್ಬದ ವ್ಯಾಪಾರಿ’ ಎಂದು ಬರೆದಿದ್ದರು. ಮೂವತ್ತೊಂದು ವರ್ಷದಿಂದ ಕ್ಯಾನುಗಳ ತೂತು ಮುಚ್ಚುತ್ತ ಬಂದವಳು ಅವಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಡಬ್ಬ ಮಾರಿದವಳಲ್ಲ. ತಪ್ಪು ಮಾಡದವಳ ತಲೆಗೆ ತಪ್ಪು ಕಟ್ಟುವಾಗ ಅವಳ ಕಸುಬು ಏನು ಅನ್ನುವುದನ್ನಾದರೂ ನೆಟ್ಟಗೆ ಬರೆಯಬೇಡವೇ? ಆ ನೋಟಿಸು ಟೈಪಾದದ್ದು ನಾನು ಕೆಲಸ ಮಾಡುವ ಕಚೇರಿಯಲ್ಲೇ, ನನ್ನ ಉಗ್ರಾಣದಿಂದ ಎರಡು ಕೋಣೆ ಆಚೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಅಂದರೆ ಪಟ್ಟಿ ಉದ್ದವಿದೆ, ಅದರಲ್ಲಿ ನಾನೂ ಇದ್ದೇನೆ.

ನೋಟಿಸಿನ ಸಾರಾಂಶ ಇಷ್ಟೇ: ಕ್ಯಾನುಗಳ ಮೇಲೆ ಅಧಿಕಾರವಿಲ್ಲದೆ ಗುರುತು ಹಾಕಿ ಜನರಲ್ಲಿ ಗೊಂದಲ ಹುಟ್ಟಿಸಿದ್ದರಿಂದ ಒಂದು ಹೆಣ್ಣುಮಗಳಿಗೆ ಸುಟ್ಟ ಗಾಯವಾಗಿದೆ, ವಿಚಾರಣೆ ಮುಗಿಯುವವರೆಗೆ ಅಂಗಡಿ ತೆರೆಯಕೂಡದು, ತಪ್ಪು ಸಾಬೀತಾದರೆ ಮತ್ತೆಂದೂ ತೆರೆಯಕೂಡದು.

ಚಿಕ್ಕಮ್ಮ ಇರುವುದು ಲೇತ್ ಬೀದಿಯಲ್ಲಿ. ಕೆಳಗೆ ಸಾಲಾಗಿ ಲೇತು, ಬೆಸುಗೆ, ಪಂಪು ರಿಪೇರಿಯ ಅಂಗಡಿಗಳು, ಮೇಲೆ ಮೂರು ಅಂತಸ್ತು ಮನೆಗಳು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ನಡುಮಧ್ಯಾಹ್ನವೂ ಗೋಡೆ ತಡವಿಕೊಂಡು ಹತ್ತಬೇಕು. ಅಂಗಡಿಗಳಲ್ಲಿ ಯಂತ್ರದ ಭಾಗ ತೊಳೆಯಲು ಸೀಮೆಎಣ್ಣೆ ಬೇಕು, ಮನೆಗಳಲ್ಲಿ ಸ್ಟವ್ ಉರಿಸಲು ಸೀಮೆಎಣ್ಣೆ ಬೇಕು. ಅಲ್ಲಿ ಸಿಗುವ ಎಣ್ಣೆಗೆ ಬಣ್ಣವಿಲ್ಲ, ಕಣ್ಣಿಗೆ ನೀರೇ. ಮೂಗಿನಿಂದ ಕಂಡುಹಿಡಿಯೋಣವೆಂದರೆ ಗೋಡೆ, ಬಟ್ಟೆ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ಆ ಬೀದಿಯಲ್ಲಿ ಒಂದು ವಾರ ಇದ್ದವರ ಮೂಗು ಕೆಲಸಕ್ಕೆ ಬರುವುದಿಲ್ಲ.

ಮದುವೆಯಾಗಿ ಆ ಬೀದಿಗೆ ಬಂದಾಗ ಚಿಕ್ಕಮ್ಮನಿಗೆ ಬೆಸುಗೆ ಅಂದರೆ ಏನೆಂದು ಗೊತ್ತಿರಲಿಲ್ಲ. ಕ್ಯಾನು ರಿಪೇರಿ ಅವಳ ಮಾವನ ಕಸುಬು. ಮಗನಿಗೆ, ಅಂದರೆ ನಮ್ಮ ಚಿಕ್ಕಪ್ಪನಿಗೆ, ಕಲಿಸಲು ಹೋಗಿ ಅವರು ಸೋತು ಸುಣ್ಣವಾಗಿದ್ದರು. ಚಿಕ್ಕಪ್ಪ ಬೆಸುಗೆ ಹಾಕಿದರೆ ಒಂದು ತೂತು ಮುಚ್ಚಿ ಎರಡು ಹುಟ್ಟುತ್ತಿದ್ದವು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ನೋಡಿಯೇ ಕಲಿತಳು. ಒಂದು ದಿನ ಮಾವ ಜ್ವರ ಬಂದು ಮಲಗಿದ್ದಾಗ ಬಾಕಿ ಇದ್ದ ಏಳು ಕ್ಯಾನು ತಾನೇ ಬೆಸೆದು ಸಾಲಾಗಿ ಇಟ್ಟಳು. ಮಾವ ಎದ್ದು ಬಂದು ಒಂದೊಂದಕ್ಕೂ ನೀರು ತುಂಬಿ, ತಲೆಕೆಳಗು ಮಾಡಿ, ಕೆಳಗೆ ಕಾಗದ ಹಾಸಿ ನೋಡಿದರಂತೆ. ಕಾಗದ ಒಣಗಿಯೇ ಇತ್ತು. “ಇನ್ಮೇಲೆ ನೀನು ಟೀ ಮಾಡಪ್ಪಾ” ಎಂದು ಮಗನಿಗೆ ಹೇಳಿದರಂತೆ. ಚಿಕ್ಕಪ್ಪ ಅಂದಿನಿಂದ ಇಂದಿನವರೆಗೂ ಸಂತೋಷವಾಗಿ ಟೀ ಮಾಡುತ್ತಿದ್ದಾರೆ. ಸೋರುತ್ತದೆಯೇ ಎಂದು ನೀರು ತುಂಬಿ ನೋಡುವುದೂ, ಬಂದವರ ಜೊತೆ ಬಾಯಿ ನೋಯುವಷ್ಟು ಹರಟುವುದೂ ಅವರದೇ ಖಾತೆ.

ಬೀದಿಯವರು ಚಿಕ್ಕಮ್ಮನನ್ನು ‘ಮೂರುಹಿಡಿ’ ಎಂದು ಕರೆಯುತ್ತಾರೆ. ಹಳೆಯ ತಗಡಿನ ಕ್ಯಾನಿಗೆ ಮೇಲೆ ಒಂದರ ಪಕ್ಕ ಒಂದರಂತೆ ಮೂರು ಹಿಡಿ ಇರುತ್ತವೆ. ಅದರ ವಿಷಯ ಎತ್ತಿದರೆ ಸಾಕು, ಚಿಕ್ಕಮ್ಮನನ್ನು ತಡೆಯಲು ಯಾರಿಂದಲೂ ಆಗದು.

“ಇದನ್ನ ಮಾಡಿದವನು ತಾನೇ ಹೊತ್ತು ನೋಡಿದಾನೆ ಕಣೇ,” ಎಂದು ನನಗೆ ಎಷ್ಟು ಸಲ ಹೇಳಿದ್ದಾಳೋ. “ಒಬ್ಬಳೇ ಇದ್ರೆ ನಡುವಿನ ಹಿಡಿ. ಇಬ್ಬರಿದ್ರೆ ಆ ಕಡೆಯದು ನಿನಗೆ, ಈ ಕಡೆಯದು ನನಗೆ, ಭಾರ ಅರ್ಧರ್ಧ. ಖಾಲಿ ಇದ್ರೆ ಎರಡು ಕ್ಯಾನು ಪಕ್ಕಪಕ್ಕ ಇಟ್ಟು ಅಂಚಿನ ಹಿಡಿ ಎರಡೂ ಸೇರಿಸಿ ಒಂದೇ ಕೈಲಿ ಎತ್ಬಹುದು. ಸಾಲಲ್ಲಿ ನಿಂತು ದಾಟಿಸ್ಬೇಕಾದ್ರೆ ಕೊಡೋಳ ಕೈ ಬಿಡೋ ಮೊದಲೇ ತಗೊಳ್ಳೋಳಿಗೆ ಒಂದು ಹಿಡಿ ಸಿಕ್ಕಿರತ್ತೆ. ಪಕ್ಕದಲ್ಲಿ ಈ ತಗ್ಗು ನೋಡು, ಬಿಸಿಲಿಗೆ ಒಳಗಿಂದು ಉಬ್ಬಿದ್ರೂ ತಗಡು ಒಡೆಯಲ್ಲ. ಬಾಯಿ ಹತ್ರ ಸಣ್ಣ ಕೊಳವೆ, ಸುರಿಯೋವಾಗ ಗಾಳಿ ಒಳಗೆ ಹೋಗೋಕೆ. ಅದಿಲ್ಲ ಅಂದ್ರೆ ಗುಳುಗುಳು ಅಂತ ಕಕ್ಕತ್ತೆ, ಅರ್ಧ ಪಾತ್ರೆಗೆ, ಅರ್ಧ ನಿನ್ನ ಮೈಮೇಲೆ. ಮುಚ್ಚಳ ನೋಡು, ಕ್ಯಾನಿಗೇ ಅಂಟ್ಕೊಂಡಿದೆ, ಕಳೆಯೋ ಮಾತೇ ಇಲ್ಲ.”

ಆದರೆ ಆ ಒಳ್ಳೆಯ ಕ್ಯಾನಿಗೂ ಒಂದು ಕೊರತೆ ಇತ್ತು. ಒಳಗೆ ಏನಿದೆ ಅನ್ನುವುದನ್ನು ಅದು ಹೇಳುತ್ತಿರಲಿಲ್ಲ. ಬಣ್ಣ ಬಳಿದರೆ ಆರು ತಿಂಗಳಲ್ಲಿ ಸವೆದು ಹೋಗುತ್ತಿತ್ತು, ಕತ್ತಲೆಯ ಮೆಟ್ಟಿಲಲ್ಲಿ ಬಣ್ಣ ಕಾಣುವುದೂ ಅಷ್ಟರಲ್ಲೇ ಇತ್ತು. ಒಮ್ಮೆ ಮಾವನೇ ಮೈಮರೆತು ಕುಡಿಯುವ ನೀರಿನ ತೊಟ್ಟಿಗೆ ಅರ್ಧ ಕ್ಯಾನು ಸೀಮೆಎಣ್ಣೆ ಸುರಿದರು. ಹದಿನೆಂಟು ಮನೆಯವರು ಎರಡು ದಿನ ನೀರಿಲ್ಲದೆ ಶಾಪ ಹಾಕಿದರು. ಆಮೇಲೆ ಅವರು ಬೀದಿಯ ಎಣ್ಣೆ ಕ್ಯಾನುಗಳನ್ನೆಲ್ಲ ಒಟ್ಟುಗೂಡಿಸಿ ನಡುವಿನ ಹಿಡಿಗೆ ಮೂರು ಸುತ್ತು ತಂತಿ ಬಿಗಿದು ಬೆಸುಗೆ ಹಾಕಿದರು. ಕೈಗೆ ತಂತಿ ತಗುಲಿದರೆ ಎಣ್ಣೆ, ನುಣ್ಣಗಿದ್ದರೆ ನೀರು. ಮಾವ ಹೋದ ಮೇಲೂ ಚಿಕ್ಕಮ್ಮ ಇದನ್ನು ಬಿಡಲಿಲ್ಲ. ತೂತಿಗೆ ಕೂಲಿ ತೆಗೆದುಕೊಳ್ಳುತ್ತಾಳೆ, ತಂತಿಗೆ ಯಾರಾದರೂ ಕೊಡಲು ಬಂದರೆ ಬೈದು ಕಳಿಸುತ್ತಾಳೆ.

ನಾನು ಹತ್ತು ವರ್ಷ ಆ ಮನೆಯಲ್ಲೇ ಬೆಳೆದೆ. ಅಮ್ಮನಿಗೆ ಊರೂರು ತಿರುಗುವ ಕೆಲಸ, ನನ್ನನ್ನು ತಂಗಿಯ ಕೈಗೆ ಒಪ್ಪಿಸಿದ್ದಳು. ಚಿಕ್ಕಮ್ಮ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಹತ್ತಾರು ಕ್ಯಾನುಗಳ ನಡುವೆ ಬಿಟ್ಟು, “ನೀರು ತಗೊಂಬಾ” ಅನ್ನುತ್ತಿದ್ದಳು. ತಪ್ಪಾದರೆ ಕಿವಿ ಹಿಂಡುತ್ತಿದ್ದಳು. ಬೀದಿಯ ಮಕ್ಕಳೆಲ್ಲ ನಡೆಯುವುದನ್ನು ಕಲಿತ ಮೇಲೆ ಕಲಿಯುತ್ತಿದ್ದದ್ದು ಇದನ್ನೇ. ಎಂಟು ವರ್ಷಕ್ಕೆಲ್ಲ ನನ್ನ ಕೈ ಒಂದು ಸಲವೂ ತಪ್ಪುತ್ತಿರಲಿಲ್ಲ.

ಬೆಳೆದೆ, ಓದಿದೆ, ನೀರು ಸರಬರಾಜು ಕಚೇರಿಯ ಉಗ್ರಾಣ ನೋಡಿಕೊಳ್ಳುವ ಕೆಲಸ ಹಿಡಿದೆ. ಮನೆ ಬೇರೆ ಬಡಾವಣೆಗೆ ಹೋಯಿತು, ಮೈಯಿಂದ ಸೀಮೆಎಣ್ಣೆ ವಾಸನೆ ಹೋಯಿತು. ಕಚೇರಿಯಲ್ಲಿ ಯಾರಾದರೂ ಲೇತ್ ಬೀದಿಯ ಮಾತೆತ್ತಿದರೆ ನಾನು ಫೈಲಿನಲ್ಲಿ ಮುಖ ಹುದುಗಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಈ ವರ್ಷದ ಆರಂಭದಲ್ಲಿ ಹಳೆ ಪೈಪು ಬದಲಿಸಲು ಬೀದಿ ಅಗೆದರು. ನಾಲ್ಕು ತಿಂಗಳು ಟ್ಯಾಂಕರಿನಲ್ಲೇ ನೀರು ಎಂದಾಯಿತು. ಮನೆಗೊಂದು ಹೊಸ ಪ್ಲಾಸ್ಟಿಕ್ ಕ್ಯಾನು ಪುಕ್ಕಟೆ ಕೊಡುತ್ತೇವೆ ಎಂದು ಕಚೇರಿ ಸಾರಿತು. ಒಂದು ಸಂಜೆ, ಬಾಗಿಲು ಹಾಕುವ ಹೊತ್ತಿಗೆ, ಕಂಪನಿಯ ಮನುಷ್ಯ ಅದರ ಮಾದರಿ ಹಿಡಿದುಕೊಂಡು ನನ್ನ ಉಗ್ರಾಣಕ್ಕೆ ಬಂದ. ಜೊತೆಗೆ ನಮ್ಮ ಎಂಜಿನಿಯರ್ ಇದ್ದರು. ಬೆಳ್ಳಗೆ ಹೊಳೆಯುವ ಇಪ್ಪತ್ತು ಲೀಟರಿನ ಕ್ಯಾನು. ಒಂದೇ ಹಿಡಿ. ಗಾಳಿ ಕೊಳವೆ ಇಲ್ಲ. ಮುಚ್ಚಳ ಬಿಡಿ. ಎತ್ತಿ ನೋಡೋಣವೆಂದು ಹಿಡಿಯೊಳಗೆ ಕೈ ಹಾಕಿದೆ. ಬೆರಳು ಕೂರುವ ಕಡೆ ಮೂರು ಉಬ್ಬುಗೆರೆ ಇದ್ದವು.

ಇಪ್ಪತ್ತು ವರ್ಷದ ನಂತರವೂ ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಇಲ್ಲದ ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು.

“ಏನಾಯ್ತು ಮೇಡಂ?” ಎಂದ ಕಂಪನಿಯವನು. “ಅದು ಜಾರದೆ ಇರಲಿ ಅಂತ ಕೊಟ್ಟಿರೋದು.”

“ಹಿಡಿಯಲ್ಲೇನಿದೆ ನೋಡೋಕೆ, ಸಹಿ ಹಾಕಿ,” ಎಂದರು ಎಂಜಿನಿಯರ್.

ನನ್ನ ಚಿಕ್ಕಮ್ಮ ಕ್ಯಾನು ಬೆಸೆಯುವವಳು, ಅವಳ ಬೀದಿಯವರು ಹಿಡಿ ಮುಟ್ಟಿ ಎಣ್ಣೆ ನೀರು ತಿಳಿಯುತ್ತಾರೆ ಎಂದು ಆ ಇಬ್ಬರ ಮುಂದೆ ಹೇಳಲು ಬಾಯಿ ಬರಲಿಲ್ಲ. ‘ಹಿಡಿ: ಸರಿಯಿದೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಕ್ಯಾನು ಹಂಚಿದ ದಿನವೇ ಚಿಕ್ಕಮ್ಮ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ಬಂದಳು. ಕೌಂಟರಿನಲ್ಲಿ ಅವಳ ದನಿ ನನಗೆ ಉಗ್ರಾಣದವರೆಗೂ ಕೇಳಿಸಿತು.

“ಇದರ ಹಿಡಿ ಎಣ್ಣೆ ಅಂತ ಹೇಳ್ತಿದೆ ಸಾರ್. ನೀವು ನೀರಿಗೆ ಅಂತ ಕೊಟ್ಟಿದ್ದೀರಿ. ನಮ್ಮ ಬೀದಿಲಿ ಅನಾಹುತ ಆಗತ್ತೆ.”

“ಹಿಡಿ ಮಾತಾಡತ್ತಾ ಅಮ್ಮಾ?” ಎಂದ ಗುಮಾಸ್ತ. ಕೌಂಟರಿನ ಹಿಂದೆ ಎಲ್ಲರೂ ಗೊಳ್ಳೆಂದು ನಕ್ಕರು. “ನಿಮ್ಮ ಜೊತೆ ಮಾತಾಡಿದ್ರೆ ಇನ್ನೇನೇನು ಹೇಳ್ತು ಅಂತ ಬರ್ಕೊಂಡು ಬನ್ನಿ.”

ಅವಳು ಅದನ್ನೇ ಮಾಡಿದಳು. ಚಿಕ್ಕಪ್ಪನ ಕೈಲಿ ಒಂದು ಪುಟ ಬರೆಸಿ ಮಾರನೆಯ ದಿನ ಕೊಟ್ಟು ಹೋದಳು. ಎರಡು ದಿನವೂ ನಾನು ಪೈಪುಗಳ ರಾಶಿಯ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ.

ಬೀದಿಯಲ್ಲಿ ಆದದ್ದು ಅವಳು ಹೆದರಿದ್ದಂತೆಯೇ. ಬೇರೆ ಯಾವ ಬೀದಿಯಲ್ಲಾದರೂ ಬಿಳಿ ಕ್ಯಾನು ಕೊಟ್ಟರೆ ಜನ ಕಣ್ಣು ಮುಚ್ಚಿಕೊಂಡು ನೀರು ತುಂಬುತ್ತಿದ್ದರು. ಇಲ್ಲಿಯವರು ಮೇಲಿನ ಅಕ್ಷರ ನೋಡಲಿಲ್ಲ, ಹಿಡಿ ಮುಟ್ಟಿದರು, ಸೀಮೆಎಣ್ಣೆ ತುಂಬಿದರು. “ನೋಡು ಮೂರುಹಿಡೀ, ನಿನ್ನ ಗುರುತನ್ನ ಆಫೀಸಿನವರೂ ಒಪ್ಕೊಂಡುಬಿಟ್ರು,” ಎಂದು ಲೇತ್ ಅಂಗಡಿಯ ಯಜಮಾನ ಅವಳನ್ನೇ ಹೊಗಳಿದ. ನೀರಿಗೆ ಹಳೆಯ ಕ್ಯಾನು ಇದ್ದೇ ಇತ್ತು, ಎಣ್ಣೆಗೆ ಹೊಸದು ಸಿಕ್ಕಿತು ಎಂದು ಅರ್ಧ ಬೀದಿ ಖುಷಿಪಟ್ಟಿತು. ಉಳಿದರ್ಧ, ಕಚೇರಿಯವರು ಕೊಟ್ಟದ್ದು ನೀರಿಗೇ ಇರಬೇಕು ಎಂದು ನೀರು ತುಂಬಿತು. ಚಿಕ್ಕಮ್ಮ ಮನೆಮನೆಗೆ ಹತ್ತಿಳಿದು, ಎಣ್ಣೆ ತೆಗೆಯಿರಿ ಎಂದು ಗಂಟಲು ಹರಿದುಕೊಂಡಳು. ಹೂಂ ಅಂದವರು ಬಹಳ ಜನ, ತೆಗೆದವರು ಕೆಲವರು.

ಲೇತ್ ಯಜಮಾನನ ಸೊಸೆ ಆ ಮನೆಗೆ ಬಂದು ಇನ್ನೂ ಐದು ತಿಂಗಳಾಗಿತ್ತು. ಕ್ಯಾನು ಹಂಚಿದಾಗ ತವರಿಗೆ ಹೋಗಿದ್ದವಳು ಆ ವಾರ ಹಿಂತಿರುಗಿ ಬಂದಳು. ತಂತಿಯ ಸುತ್ತು ಅವಳಿಗೆ ಗೊತ್ತಿತ್ತು, ಆದರೆ ಬೆಳ್ಳಗಿನ ಹೊಸ ಕ್ಯಾನಿನ ಮೇಲೆ ‘ಕುಡಿಯುವ ನೀರು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿತ್ತಲ್ಲ. ಓದು ಬಲ್ಲ ಹುಡುಗಿ, ಓದಿದ್ದನ್ನು ನಂಬಿದಳು. ಬೆಳಗ್ಗೆ ಒಂಬತ್ತಕ್ಕೆ ಸ್ಟವ್ ಮೇಲೆ ಕುದಿಯುತ್ತಿದ್ದ ಪಾತ್ರೆಗೆ ಇನ್ನಷ್ಟು ನೀರು ಹಾಕಲು ಆ ಕ್ಯಾನನ್ನೇ ಎತ್ತಿ ಬಗ್ಗಿಸಿದಳು. ಗಾಳಿ ಕೊಳವೆ ಇದ್ದಿದ್ದರೆ ಸಣ್ಣಗೆ ಬೀಳುತ್ತಿತ್ತು, ಒಂದು ಹನಿಗೇ ಗೊತ್ತಾಗುತ್ತಿತ್ತು. ಅದು ಗುಳುಗುಳು ಎಂದು ಕಕ್ಕಿತು. ಉರಿ ಅವಳ ಬಲಗೈ ಹಿಡಿಯಿತು. ಮೇಲಿನ ಹಿಡಿ ಬಿಟ್ಟರೆ ಹಿಡಿಯಲು ಇನ್ನೊಂದಿಲ್ಲ, ಕೈ ಬಿಟ್ಟರೆ ಇಡೀ ಮನೆಯೇ ಹೊತ್ತಿಕೊಳ್ಳುತ್ತದೆ. ಆ ಹುಡುಗಿ ಕೈ ಸುಡುತ್ತಿದ್ದರೂ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ಹುಡುಕಿ ಮುಚ್ಚಿ, ಆಮೇಲೆ ಕೂಗಿದಳು.

ಇದಾದ ಮೂರನೆಯ ದಿನ ಚಿಕ್ಕಮ್ಮನ ಬಾಗಿಲಿಗೆ ಆ ನೋಟಿಸು. ಅಚ್ಚು ಮಾಡಿದ ಕಂಪನಿಗೆ ಏನೂ ಇಲ್ಲ, ತರಿಸಿದ ಎಂಜಿನಿಯರಿಗೆ ಏನೂ ಇಲ್ಲ, ನಕ್ಕ ಗುಮಾಸ್ತನಿಗೆ ಏನೂ ಇಲ್ಲ. ಎಚ್ಚರಿಸಿದವಳಿಗೆ ಬೀಗ! ಅವಳು ಕೊಟ್ಟಿದ್ದ ಅರ್ಜಿಯನ್ನೇ ಸಾಕ್ಷಿ ಮಾಡಿಕೊಂಡಿದ್ದರು. ಗುರುತು ಹಾಕುತ್ತೇನೆ ಎಂದು ಅವಳೇ ಬರೆದು ಒಪ್ಪಿಕೊಂಡಿದ್ದಾಳೆ ಎಂಬ ವಾದ.

ವಿಚಾರಣೆಗೆ ಅವಳು ಎರಡು ಕ್ಯಾನು ಹೊತ್ತು ಬಂದಳು, ಒಂದು ಹಳೆಯದು, ಒಂದು ಹೊಸದು, ಎರಡಕ್ಕೂ ಕಂಠಮಟ್ಟ ನೀರು. ಜೊತೆಗೆ ಚಿಕ್ಕಪ್ಪ, ಲೇತ್ ಯಜಮಾನ. ಸಭೆಯ ಕೋಣೆಯ ಮೇಜಿನ ಆ ಕಡೆ ಎಂಜಿನಿಯರ್, ಗುಮಾಸ್ತ. ಮಾದರಿ ಪುಸ್ತಕ ಹಿಡಿದುಕೊಂಡು ನಾನು ಗೋಡೆಗೆ ಒರಗಿ ನಿಂತಿದ್ದೆ.

“ನೋಡಮ್ಮ, ನೀವು ಯಾವ ಅಧಿಕಾರದ ಮೇಲೆ ಗುರುತು ಹಾಕ್ತೀರಿ?” ಎಂದು ಶುರು ಮಾಡಿದರು ಎಂಜಿನಿಯರ್.

“ಹಾಕದೆ ಇದ್ರೆ ಎಣ್ಣೆ ಕುಡೀಬೇಕಾಗತ್ತೆ, ಅದಕ್ಕೆ,” ಎಂದಳು. “ನೀವು ಈ ಹೊಸ ಕ್ಯಾನು ಹಿಡ್ಕೊಂಡು ಒಂದು ಸಲ ಮೇಲಿನ ಅಂತಸ್ತಿಗೆ ಹೋಗಿ ಬನ್ನಿ ಸಾರ್. ಕೈ ಸೋತ್ರೆ ನಾನು ಒಂದು ಕಡೆ ಹಿಡ್ಕೋತೀನಿ. ಎಲ್ಲಿ ಹಿಡ್ಕೊಳ್ಲಿ ಅಂತ ಮಾತ್ರ ನೀವೇ ತೋರಿಸ್ಬೇಕು.”

ಚಿಕ್ಕಪ್ಪ ಕಿಸಕ್ಕನೆ ನಕ್ಕರು. ಎಂಜಿನಿಯರ್ ವಿಷಯಕ್ಕೆ ಬನ್ನಿ ಎಂದರು.

ಚಿಕ್ಕಮ್ಮ ಲೇತ್ ಯಜಮಾನನಿಗೆ ಕಣ್ಣು ಮುಚ್ಚಲು ಹೇಳಿ, ಅವನ ಕೈಯನ್ನು ಹೊಸ ಹಿಡಿಯ ಮೇಲೆ ಇಟ್ಟಳು. “ಏನಣ್ಣ ಇದು?”

“ಸೀಮೆಎಣ್ಣೆ,” ಎಂದ ಅವನು. ಮರುಕ್ಷಣವೇ ಅವನ ಮುಖ ಮುರುಟಿತು. “ನಲವತ್ತು ವರ್ಷದ ಕೈ ಸಾರ್ ಇದು. ನಾನೇ ತುಂಬಿಸಿಟ್ಟಿದ್ದು. ನನ್ನ ಸೊಸೆ ಕೈ ಸುಟ್ಟಿದ್ದು ನಾನೇ.”

ಚಿಕ್ಕಮ್ಮ ಮೇಜಿನ ಮೇಲೆ ಎರಡೂ ಕೈ ಊರಿದಳು.

“ಈ ಹಿಡಿ ಸರಿ ಇದೆ ಅಂತ ಯಾರು ಬರೆದ್ರು ಅಂತ ಕೇಳ್ತೀನಿ. ಮುಟ್ಟಿ ನೋಡಿದ್ರೋ, ಮುಟ್ಟದೇ ಬರೆದ್ರೋ?”

ಎಂಜಿನಿಯರ್ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಅವಳ ಕಡೆ ತಿರುಗಿಸಿದರು. “ನಿಮ್ಮ ಅಕ್ಕನ ಮಗಳೇ ಪರೀಕ್ಷೆ ಮಾಡಿರೋದು. ನಿಮ್ಮ ಬೀದಿಲೇ ಬೆಳೆದೋರು. ಅವರಿಗೇ ಏನೂ ತಪ್ಪು ಕಾಣ್ಲಿಲ್ಲ. ನಿಮ್ಮ ಗುರುತು ಅಷ್ಟು ದೊಡ್ಡದಾಗಿದ್ರೆ ಅವರಿಗೆ ಗೊತ್ತಾಗ್ಬೇಕಿತ್ತಲ್ವಾ?”

ನನಗೂ ಅವಳಿಗೂ ಇರುವ ಸಂಬಂಧವನ್ನು ಅವರು ಹುಡುಕಿ ಇಟ್ಟುಕೊಂಡಿದ್ದರು. ನನ್ನ ಸಹಿಯನ್ನೇ ಅವಳ ಕುತ್ತಿಗೆಗೆ ಉರುಳು ಮಾಡಿದ್ದರು. ಚಿಕ್ಕಮ್ಮ ಸಹಿ ನೋಡಿದಳು, ನನ್ನನ್ನು ನೋಡಿದಳು. ಅವಳ ದನಿ ಒಮ್ಮೆಗೇ ಇಳಿಯಿತು.

“ಅವಳಿಗೆ ಗೊತ್ತಾಗಿರಲ್ಲ ಸಾರ್. ಚಿಕ್ಕವಳಿದ್ದಾಗ ಬಿಟ್ಟು ಹೋದೋಳು. ಮರೆತು ಹೋಗಿರತ್ತೆ. ಅವಳನ್ನ ಕೇಳಬೇಡಿ.”

ಆ ಮಾತಿಗೆ ಎಂಜಿನಿಯರ್ ಮುಗುಳ್ನಕ್ಕರು. ಇನ್ನೇನು, ಬೀದಿಯಲ್ಲಿ ಬೆಳೆದವರಿಗೇ ಮರೆತುಹೋಗುವ ಗುರುತು, ತಪ್ಪು ಕ್ಯಾನಿನದಲ್ಲ ಗುರುತು ಹಾಕಿದವಳದೇ ಎಂದು ಬರೆದುಕೊಂಡರೆ ಅಂಗಡಿ ಶಾಶ್ವತವಾಗಿ ಮುಚ್ಚಿದ ಹಾಗೆ. ಆ ನಗು ಕಂಡು ನನಗೆ ಬಂದ ಸಿಟ್ಟು ನನ್ನ ಜನ್ಮದಲ್ಲಿ ಬಂದಿರಲಿಲ್ಲ.

“ನನಗೆ ಗೊತ್ತಿತ್ತು,” ಎಂದೆ.

“ಯೋಚನೆ ಮಾಡಿ ಮಾತಾಡಿ,” ಎಂದರು ಅವರು.

“ಮುಟ್ಟಿದ ತಕ್ಷಣ ಗೊತ್ತಾಯ್ತು ಸಾರ್. ಕೈ ಹಿಂದಕ್ಕೆ ತಗೊಂಡೆ, ನೀವೂ ನೋಡಿದ್ರಿ. ಹಿಡಿಯಲ್ಲೇನಿದೆ ಅಂದ್ರಿ, ಸಹಿ ಹಾಕ್ದೆ. ಇವರು ಎರಡು ದಿನ ಕೌಂಟರಿಗೆ ಬಂದಾಗ ನಾನು ಒಳಗೇ ಇದ್ದೆ. ಎಲ್ಲಾ ಕೇಳಿಸ್ತು. ಇದನ್ನೂ ಬರ್ಕೊಳ್ಳಿ.”

ಗುಮಾಸ್ತ ಪೆನ್ನು ಎತ್ತಿದವನು ಎಂಜಿನಿಯರ್ ಮುಖ ನೋಡಿ ಕೆಳಗಿಟ್ಟ. ನಾನೇ ಅವನ ಕೈಯಿಂದ ಹಾಳೆ ಎಳೆದುಕೊಂಡು ಬರೆದು, ಸಹಿ ಹಾಕಿ ಕೊಟ್ಟೆ.

ಚಿಕ್ಕಮ್ಮ ಹೆಮ್ಮೆಪಡುತ್ತಾಳೆ ಎಂದು ನನ್ನ ಮನಸ್ಸಿನ ಒಂದು ಮೂಲೆಯಲ್ಲಿತ್ತು. ಕಚೇರಿಯ ಮೆಟ್ಟಿಲಿಳಿಯುವಾಗ ಅವಳ ಹೊಸ ಕ್ಯಾನಿಗೆ ಕೈ ಹಾಕಲು ಹೋದೆ. ಅವಳು ಪಕ್ಕಕ್ಕೆ ಎಳೆದುಕೊಂಡಳು.

“ನಿನ್ನ ಉಳಿಸೋಕೆ ಹಾಗಂದೆ ಅಂದ್ಕೊಂಡ್ಯಾ ಪುಟ್ಟಿ?” ಎಂದಳು. “ಇಲ್ಲ ಕಣೇ. ನಿಜವಾಗ್ಲೂ ನಿನಗೆ ಮರೆತು ಹೋಗಿದೆ ಅಂತಾನೇ ನಂಬಿದ್ದೆ.”

ಬಿಕ್ಕಿ ಬಿಕ್ಕಿ ಅಳು ಬಂತು. ಅವಳು ನಿಲ್ಲಲಿಲ್ಲ.

ನನ್ನನ್ನು ಅಮಾನತು ಮಾಡಿದರು. ಅದಕ್ಕೆ ನನ್ನ ತಕರಾರಿಲ್ಲ. ನೋಟಿಸು ಹಿಂತೆಗೆದುಕೊಂಡಿದ್ದೇವೆ ಎಂಬ ಕಾಗದ ಬಂತು, ಕ್ಷಮಿಸಿ ಅನ್ನುವ ಒಂದು ಪದ ಅದರಲ್ಲಿರಲಿಲ್ಲ. ಹಿಂದೆಯೇ ಇನ್ನೊಂದು ಕಾಗದ: ಹಂಚಿದ ನಾನೂರ ಹನ್ನೆರಡು ಕ್ಯಾನುಗಳ ಹಿಡಿಯ ಗೆರೆ ಸವೆಸಿ ಕೊಡಬೇಕೆಂದು ‘ಅನುಭವಿ ದುರಸ್ತಿಗಾರರಿಗೆ’ ಕೋರಿಕೆ. ಹದಿನೈದು ದಿನದ ಹಿಂದೆ ಡಬ್ಬದ ವ್ಯಾಪಾರಿ, ಈಗ ಅನುಭವಿ! ಕಾಗದವನ್ನು ಹರಿದು ಅವರ ಮುಖಕ್ಕೆ ಎಸೆಯಬೇಕು ಎಂದು ನಾನು ಕುಣಿದೆ.

“ಎಸೆದ್ರೆ ಗೆರೆ ಹೋಗತ್ತಾ?” ಎಂದಳು ಚಿಕ್ಕಮ್ಮ. ವಿಚಾರಣೆಯ ನಂತರ ಅವಳು ನನಗೆ ಹೇಳಿದ ಮೊದಲ ಮಾತು ಅದು. ತಗಡು ಉಜ್ಜುವ ಅರವೊಂದನ್ನು ತೆಗೆದು ನನ್ನ ಮುಂದೆ ಎಸೆದಳು. “ಕೂತ್ಕೋ. ಉಜ್ಜು. ಕಣ್ಣು ಮುಚ್ಕೊಂಡು ಮುಟ್ಟಿ ನೋಡು. ನೀರು ಅನ್ನಿಸೋವರೆಗೂ ಉಜ್ಜು.”

ದಿನವೂ ಹೋಗಿ ಉಜ್ಜಿದೆ. ಬೆರಳ ತುದಿ ಸುಲಿಯಿತು, ಬಟ್ಟೆಯ ತುಂಬ ಬಿಳಿ ಪುಡಿ. ಚಿಕ್ಕಪ್ಪ ಗಂಟೆಗೊಂದು ಟೀ ತಂದಿಟ್ಟು, “ನಿನ್ನ ಕೈ ನಿನ್ನ ಚಿಕ್ಕಮ್ಮನ ಮೇಲೆ ಹೋಗಿದೆ, ಪುಣ್ಯ, ನನ್ನ ಮೇಲೆ ಹೋಗಿಲ್ಲ,” ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಚಿಕ್ಕಮ್ಮ ನಾನು ಮುಗಿಸಿದ ಒಂದೊಂದನ್ನೂ ಮುಟ್ಟಿ ನೋಡಿ, ಹೂಂ ಅನ್ನದೆ ಊಹೂಂ ಅನ್ನದೆ ಪಕ್ಕಕ್ಕಿಡುತ್ತಿದ್ದಳು.

ಮುನ್ನೂರು ದಾಟಿದ ಮೇಲೆ ಒಂದು ಮಧ್ಯಾಹ್ನ ಲೇತ್ ಮನೆಯ ಸೊಸೆ ಕೆಳಗಿಳಿದು ಬಂದಳು. ಬಲಗೈಯ ಪಟ್ಟಿ ಬಿಚ್ಚಿದ್ದರು. ಬೆರಳುಗಳ ಚರ್ಮ ಬಿಗಿದು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಎದ್ದು ನಿಂತು, ನನ್ನದೇ ತಪ್ಪು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವಳಿಗೆ ಎಲ್ಲ ಗೊತ್ತಿತ್ತು. ತಲೆಯಾಡಿಸಿ ತಡೆದು, ನಾನು ಉಜ್ಜಿಟ್ಟ ಕ್ಯಾನಿನ ಹಿಡಿಯೊಳಗೆ ಕೈ ಹಾಕಿದಳು. ಆಮೇಲೆ ಪಕ್ಕದಲ್ಲಿದ್ದ ಹಳೆಯ ಎಣ್ಣೆ ಕ್ಯಾನಿನ ತಂತಿ ಸುತ್ತಿದ ಹಿಡಿಗೆ ಹಾಕಿದಳು. ಮತ್ತೆ ಇದಕ್ಕೆ, ಮತ್ತೆ ಅದಕ್ಕೆ.

“ಅಕ್ಕಾ,” ಎಂದಳು ಮೆಲ್ಲಗೆ, “ನನಗೆ ಎರಡೂ ಒಂದೇ ಥರ ಇದೆ. ಬೆರಳಿಗೆ ಏನೂ ಗೊತ್ತಾಗ್ತಿಲ್ಲ.”

ಚಿಕ್ಕಮ್ಮ ಅವಳ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಒಂದೊಂದು ಬೆರಳನ್ನೂ ಮೆಲ್ಲಗೆ ಒತ್ತಿ ನೋಡಿದಳು. ಆಮೇಲೆ ಎದ್ದು, ಲೇತ್ ಅಂಗಡಿಯಿಂದ ಒಂದು ಮುಷ್ಟಿ ಹಳೆಯ ನಟ್ಟು ತಂದಳು. ಎಣ್ಣೆ ಕ್ಯಾನಿನ ತಂತಿಯಲ್ಲೇ ಸಣ್ಣ ಕುಣಿಕೆ ಮಾಡಿ ಎರಡು ನಟ್ಟು ತೂಗುಬಿಟ್ಟಳು. ಎತ್ತಿದರೆ ಸಾಕು, ಕಿಣಿಕಿಣಿ ಎಂದಿತು.

“ಎತ್ತು,” ಎಂದಳು ಹುಡುಗಿಗೆ. ಅವಳು ಎಡಗೈಯಿಂದ ಎತ್ತಿದಳು, ಸದ್ದು ಕೇಳಿ ತಲೆಯಾಡಿಸಿದಳು.

ಚಿಕ್ಕಮ್ಮ ಉಳಿದ ನಟ್ಟುಗಳನ್ನು ನನ್ನ ಮಡಿಲಿಗೆ ಸುರಿದಳು. “ಬೀದಿಲಿರೋ ಎಣ್ಣೆ ಕ್ಯಾನಿಗೆಲ್ಲ ಕಟ್ಟು. ಒಂದೂ ಬಿಡ್ಬೇಡ.”

ಕಟ್ಟುತ್ತಿದ್ದೇನೆ. ಇನ್ನೂ ಮುಗಿದಿಲ್ಲ. ಮೇಲಿನ ಮನೆಯಲ್ಲಿ ಆ ಹುಡುಗಿ ಕ್ಯಾನು ಎತ್ತಿದಾಗಲೆಲ್ಲ ಸದ್ದು ಮೆಟ್ಟಿಲಿಳಿದು ನಾನು ಕೂತಲ್ಲಿಗೆ ಬರುತ್ತದೆ. ಪೈಪುಗಳ ರಾಶಿಯ ಹಿಂದೆ ನಿಂತು ಕೇಳಿಸದ ಹಾಗೆ ಇದ್ದವಳಿಗೆ ಈಗ ಅದು ದಿನಕ್ಕೆ ಹತ್ತು ಸಲ ಕೇಳಿಸುತ್ತದೆ.